‘ಕುಟುಂಬದ ಸಹಕಾರ’ ಅಂದರೆ ವಾರಕ್ಕೆ ಎಷ್ಟು ಗಂಟೆ?

ಕ್ರೀಡಾ ಸಾಧಕರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ಗಮನಿಸಿ. ಕೊನೆಯ ಪ್ಯಾರಾದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಕುಟುಂಬದ ಸಹಕಾರದಿಂದ ಈ ಸಾಧನೆ ಸಾಧ್ಯವಾಯಿತು. ಎಷ್ಟು ದೂರ ಓಡಿದರು, ಎಷ್ಟು ಹೊತ್ತಿನಲ್ಲಿ ಮುಗಿಸಿದರು, ಸೈಕಲ್ಲಿನ ಬೆಲೆ ಎಷ್ಟು ಎಂಬುದೆಲ್ಲ ಅಂಕಿ ಸಮೇತ ಇರುತ್ತದೆ. ಈ ಒಂದು ಸಾಲಿಗೆ ಮಾತ್ರ ಯಾರೂ ಅಂಕಿ ಕೇಳುವುದಿಲ್ಲ. ಸಹಕಾರ ಅಂದರೆ ಏನು? ಯಾರದು? ವಾರಕ್ಕೆ ಎಷ್ಟು ಗಂಟೆ?

ಈ ಪ್ರಶ್ನೆ ನನಗೆ ಹುಟ್ಟಿದ್ದು ನಮ್ಮ ಮನೆಯಲ್ಲೇ. ನಮ್ಮ ಮನೆಯವರು ಕಲಬುರಗಿಯಲ್ಲಿ ಸರ್ಕಾರಿ ನೌಕರರು. ಗೋವಾದಲ್ಲಿ 2019ರಲ್ಲಿ ಶುರುವಾದ ‘ಐರನ್‌ಮ್ಯಾನ್ 70.3’ ಸ್ಪರ್ಧೆಗೆ ತಯಾರಿ ನಡೆಸಿದ್ದಾರೆ. ಸಮುದ್ರದಲ್ಲಿ 1.9 ಕಿ.ಮೀ ಈಜು, ಆಮೇಲೆ 90 ಕಿ.ಮೀ ಸೈಕಲ್, ಆಮೇಲೆ 21.1 ಕಿ.ಮೀ ಓಟ. ಒಟ್ಟು 113 ಕಿ.ಮೀ, ಅಂದರೆ 70.3 ಮೈಲಿ. ಎಲ್ಲವೂ ಒಂದೇ ದಿನ, ಎಂಟೂವರೆ ಗಂಟೆಯೊಳಗೆ. ಇದು ಅರ್ಧ ಮಾತ್ರ. ಪೂರ್ತಿ ಐರನ್‌ಮ್ಯಾನ್ ಇದರ ಎರಡರಷ್ಟು. 1978ರಲ್ಲಿ ಹವಾಯಿಯಲ್ಲಿ ಮೊದಲ ಬಾರಿ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12.

ನಮ್ಮ ರಾಜ್ಯಕ್ಕೆ ಈ ಆಟ ಹೊಸದಲ್ಲ. ರೈಲ್ವೆ ಅಧಿಕಾರಿ ಶ್ರೇಯಸ್ ಹೊಸೂರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ತಿ ಐರನ್‌ಮ್ಯಾನ್ ಮುಗಿಸಿದರು. ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್‌ನಲ್ಲಿ ಗೋವಾದ ಸ್ಪರ್ಧೆಯನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದಾಗ ಈ ಹೆಸರೇ ಕೇಳದವರ ಬಾಯಲ್ಲೂ ಐರನ್‌ಮ್ಯಾನ್ ಬಂತು. ನೌಕರಿ, ಹೆಂಡತಿ, ಮಕ್ಕಳು ಇರುವ ಸಾಮಾನ್ಯ ಜನ ಇದಕ್ಕೆ ಇಳಿಯುತ್ತಿದ್ದಾರೆ. ಒಳ್ಳೆಯದೇ. ಆದರೆ ಅವರ ವಾರ ಹೇಗಿರುತ್ತದೆ ಎಂದು ಬಿಡಿಸಿ ನೋಡಬೇಕು.

ಸೋಮವಾರ ವಿಶ್ರಾಂತಿ. ಮಂಗಳವಾರ, ಗುರುವಾರ ತಲಾ ಒಂದು ಗಂಟೆ ಈಜು. 25 ಮೀಟರ್ ಕೊಳದಲ್ಲಾದರೆ 1.9 ಕಿ.ಮೀ ಅಂದರೆ 76 ಸಲ ಆ ತುದಿಗೂ ಈ ತುದಿಗೂ ಈಜಬೇಕು. ಬುಧವಾರ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಕಡೆ ಒಂದು ಗಂಟೆ ಓಟ. ಶುಕ್ರವಾರ ಮನೆಯಲ್ಲೇ ಸ್ಟ್ಯಾಂಡಿಗೆ ಕಟ್ಟಿದ ಸೈಕಲ್ ಮೇಲೆ ಒಂದು ಗಂಟೆ. ಶನಿವಾರ ಎರಡು ಗಂಟೆ ಓಟ. ಭಾನುವಾರ ನಸುಕಿನಲ್ಲೇ ಬೀದರ್ ಹೆದ್ದಾರಿ ಹಿಡಿದು, ಮಹಾಗಾಂವ್ ಕ್ರಾಸ್, ಕುರಿಕೋಟಾ ಸೇತುವೆ ದಾಟಿ ಕಮಲಾಪುರ. ಹೋಗಿ ಬಂದರೆ ಸುಮಾರು 70 ಕಿ.ಮೀ. ಬಂದ ಕೂಡಲೇ ಅರ್ಧ ಗಂಟೆ ಓಟ. ಭಾನುವಾರದ ಲೆಕ್ಕ ನಾಲ್ಕು ಗಂಟೆ. ಎಲ್ಲ ಕೂಡಿಸಿದರೆ ವಾರಕ್ಕೆ 10 ಗಂಟೆ. ಅವರ ಮೊಬೈಲಿನ ಆ್ಯಪ್ ಕೂಡ ಇದನ್ನೇ ಹೇಳುತ್ತದೆ.

ನಮ್ಮೂರಿನಲ್ಲಿ ಈ 10 ಗಂಟೆ ಹೊಂದಿಸುವುದು ಬೆಂಗಳೂರಿನಂತಲ್ಲ. ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುವ ಊರು ಇದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳ ಸಮಯವೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಗೋವಾದ ಸ್ಪರ್ಧೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಇರುವುದರಿಂದ ತಯಾರಿ ಶುರುವಾಗುವುದು ಇದೇ ಬಿಸಿಲಿನಲ್ಲಿ. ಸಂಜೆ ಆರಕ್ಕೂ ಡಾಂಬರು ಕಾದಿರುತ್ತದೆ. ಹಾಗಾಗಿ ಎಲ್ಲವೂ ಬೆಳಿಗ್ಗೆ ಐದರಿಂದ ಏಳರ ನಡುವೆ ಮುಗಿಯಬೇಕು. ರೊಟ್ಟಿ, ಡಬ್ಬಿ, ಮಕ್ಕಳ ಸ್ನಾನ, ನೀರು ತುಂಬುವುದು ಕೂಡ ಅದೇ ಎರಡು ಗಂಟೆಯ ಕೆಲಸ.

ಆ ಎರಡು ಗಂಟೆ ಮೊದಲು ನನ್ನದಾಗಿತ್ತು. ನಾನು ಮನೆಯಿಂದಲೇ ಪತ್ರಿಕೆಗಳಿಗೆ ಬರೆಯುತ್ತೇನೆ. ಮಕ್ಕಳನ್ನು ಎಬ್ಬಿಸಿ ತಯಾರು ಮಾಡುವುದು ಅವರ ಪಾಲಿಗಿತ್ತು. ಅಷ್ಟರಲ್ಲಿ ನನ್ನ ಬರಹ ಒಂದು ಹಂತಕ್ಕೆ ಬರುತ್ತಿತ್ತು. ತಯಾರಿ ಶುರುವಾದ ಮೇಲೆ ಆ ಹೊತ್ತು ಯಾವ ಜಗಳ, ಯಾವ ಮಾತುಕತೆಯೂ ಇಲ್ಲದೆ ಕೈಬದಲಾಯಿತು. ಯಾರೂ ಕಿತ್ತುಕೊಳ್ಳಲಿಲ್ಲ, ಯಾರೂ ಕೇಳಲೂ ಇಲ್ಲ.

ಒಂದು ವಾರ ನಾನು ನೋಟ್‌ಬುಕ್ಕಿನಲ್ಲಿ ಬೇರೆ ಲೆಕ್ಕ ಬರೆದೆ. ಈಜುಕೊಳಕ್ಕೆ ಹೋಗಿ ಬರಲು ಎರಡು ದಿನಕ್ಕೆ 80 ನಿಮಿಷ. ಸೈಕಲ್ ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಗಾಳಿ ನೋಡಲು 45 ನಿಮಿಷ. ಬೆಳಿಗ್ಗೆ ಏಳಬೇಕೆಂದು ರಾತ್ರಿ ಒಂಬತ್ತಕ್ಕೇ ಮಲಗಿದ್ದರಿಂದ ಮಕ್ಕಳ ಹೋಂವರ್ಕ್, ಹಾಸಿಗೆ ನನ್ನ ಮೇಲೆ ಬಿದ್ದದ್ದು ನಾಲ್ಕು ದಿನ, ಅರ್ಧರ್ಧ ಗಂಟೆ. ಭಾನುವಾರ ಮಧ್ಯಾಹ್ನ ಎರಡು ಗಂಟೆ ನಿದ್ದೆ. ಆಗ ಮನೆಯಲ್ಲಿ ಯಾರೂ ಸದ್ದು ಮಾಡಬಾರದು. ಇಷ್ಟಕ್ಕೇ ಆರು ಗಂಟೆ ಮೇಲಾಯಿತು. ಆ್ಯಪ್‌ನಲ್ಲಿ 10, ನನ್ನ ನೋಟ್‌ಬುಕ್ಕಿನಲ್ಲಿ 16. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋದವರು ‘ಮಹಾಗಾಂವ್ ಕ್ರಾಸ್ ಮುಟ್ಟಿದೆ’ ಎಂದು ಮೆಸೇಜ್ ಹಾಕುವವರೆಗೆ ಕೈಯಲ್ಲಿ ಫೋನ್ ಹಿಡಿದು ಕೂರುವುದನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ.

ಕಮಲಾಪುರದಲ್ಲಿರುವ ನಮ್ಮ ಅತ್ತೆಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಇಷ್ಟೇ: “ಕುಡಿಯಲ್ಲ, ಇಸ್ಪೇಟ ಆಡಲ್ಲ. ಸೈಕಲ್ ಹೊಡದ್ರ ನಿನಗೇನ್ ತ್ರಾಸ್ ಅದವ್ವಾ?” ಮಾತು ಸುಳ್ಳಲ್ಲ. ಅವರ ತೂಕ ಇಳಿದಿದೆ, ಸಿಟ್ಟು ಇಳಿದಿದೆ, ಅಪ್ಪನನ್ನು ನೋಡಿ ಮಗಳು ಓಡಲು ಕಲಿತಿದ್ದಾಳೆ. ಚಟಕ್ಕೂ ಕ್ರೀಡೆಗೂ ಹೋಲಿಕೆ ಇಲ್ಲ. ಆದರೆ ಕೆಲಸ ಒಳ್ಳೆಯದು ಎಂದ ಮಾತ್ರಕ್ಕೆ ಅದಕ್ಕೆ ತಗಲುವ ಹೊತ್ತು ಪುಕ್ಕಟೆ ಆಗುವುದಿಲ್ಲ. ಒಳ್ಳೆಯ ಕೆಲಸಕ್ಕೇ ತಂದರೂ ಉದ್ರಿ ಉದ್ರಿಯೇ, ತೀರಿಸಬೇಕು.

ಇದು ನಮ್ಮ ಒಂದು ಮನೆಯ ಮಾತಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅಂತರ 201 ನಿಮಿಷ. ವಾರಕ್ಕೆ ಗುಣಿಸಿದರೆ 23 ಗಂಟೆಗೂ ಹೆಚ್ಚು. ಅರ್ಧ ಐರನ್‌ಮ್ಯಾನ್‌ಗೆ ಬೇಕಾದ ತಯಾರಿಯ ಎರಡು ಪಟ್ಟಿಗಿಂತ ಜಾಸ್ತಿ. ಅಂದರೆ ಅಭ್ಯಾಸ ಶುರುವಾಗುವ ಮೊದಲೇ ತಕ್ಕಡಿ ಒಂದು ಕಡೆ ವಾಲಿರುತ್ತದೆ. ಅದರ ಮೇಲೆ ಇನ್ನೂ 16 ಗಂಟೆ ಹೇರಿ ‘ಸಮತೋಲನ ಸಾಧಿಸಿದ್ದೇನೆ’ ಎಂದರೆ ಆ ಸಮತೋಲನವನ್ನು ಅಲುಗದಂತೆ ಹಿಡಿದು ನಿಂತವರು ಬೇರೆಯೇ ಇರುತ್ತಾರೆ.

ಹಾಗೆಂದು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ, ನಮ್ಮವರಿಗೂ ಹೇಳಲಿಲ್ಲ. ನೋಟ್‌ಬುಕ್ ಮುಂದಿಟ್ಟು ವಾರವನ್ನು ಮತ್ತೆ ಹಂಚಿಕೊಂಡೆವು. ಸೋಮ, ಬುಧ, ಶುಕ್ರ ಬೆಳಗಿನ ಹೊತ್ತು ಮತ್ತೆ ನನ್ನದು. ಶುಕ್ರವಾರದ ಸೈಕಲ್ ರಾತ್ರಿ ಮಕ್ಕಳು ಮಲಗಿದ ಮೇಲೆ. ಬುಧವಾರದ ಓಟ ಸಂಜೆ ಏಳರ ನಂತರ. ಭಾನುವಾರದ ಮಧ್ಯಾಹ್ನದ ನಿದ್ದೆ ಒಂದೇ ಗಂಟೆ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಅವರು ಸೈಕಲ್ ಮೇಲೆ, ನಾನು ಮಕ್ಕಳೊಂದಿಗೆ ಬಸ್ಸಿನಲ್ಲಿ ಕಮಲಾಪುರಕ್ಕೆ. ಶಕ್ತಿ ಯೋಜನೆ ಬಂದ ಮೇಲೆ ನನಗೆ ಟಿಕೆಟ್ ಖರ್ಚಿಲ್ಲ. ದಿನವಿಡೀ ಅಲ್ಲಿದ್ದು, ಬಿಸಿಲು ಇಳಿದ ಮೇಲೆ ಅವರು ಸೈಕಲ್ ಮೇಲೆ ವಾಪಸ್. 70 ಕಿ.ಮೀ ಎರಡು ತುಂಡಾಗುತ್ತದೆ, ಅಭ್ಯಾಸಕ್ಕೆ ಅದು ಅಷ್ಟು ಒಳ್ಳೆಯದಲ್ಲ ಎನ್ನುತ್ತಾರೆ. ಇರಬಹುದು. ಆದರೆ ಮೊದಲು ಹೆದ್ದಾರಿಯಿಂದ ತಿರುಗಿ ಬರುವ ಮುಂಚೆ ಕಾಲು ಗಂಟೆ ತಾಯಿಯ ಮನೆಯಲ್ಲಿ ನಿಂತು, ಎರಡು ಕೆಂಪು ಬಾಳೆಹಣ್ಣು ತಿಂದು, ‘ಅವ್ವನ್ನ ಮಾತಾಡಿಸಿಕೊಂಡು ಬಂದೆ’ ಎನ್ನುತ್ತಿದ್ದರು. ಈಗ ಇಡೀ ದಿನ ಅತ್ತೆಗೆ ಮಗ, ಮೊಮ್ಮಕ್ಕಳು ಸಿಗುತ್ತಾರೆ. ಬಸ್ಸಿಳಿದು ಅಲ್ಲೂ ನಾನೇ ಒಲೆ ಮುಂದೆ ಕೂತರೆ ಏನೂ ಬದಲಾದಂತಲ್ಲ. ಆದ್ದರಿಂದ ಆ ದಿನ ಬೇಳೆ, ಪಲ್ಯ ಅವರ ಕೆಲಸ. ರೊಟ್ಟಿಯನ್ನು ಮಾತ್ರ ಅತ್ತೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ಇಷ್ಟೆಲ್ಲ ಹೊಂದಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಆಟಕ್ಕೆ ನಾನೇ ಇಳಿಯಬೇಕೆಂದರೆ? ಅನು ವೈದ್ಯನಾಥನ್ ಈ ದಾರಿ ಹಿಡಿದ ಮೊದಲ ಭಾರತೀಯರಲ್ಲಿ ಒಬ್ಬರು. 2009ರಲ್ಲಿ ಅವರು ಕೆನಡಾದ ಅಲ್ಟ್ರಾಮ್ಯಾನ್ ಮುಗಿಸಿದರು. ಮೂರು ದಿನದಲ್ಲಿ 10 ಕಿ.ಮೀ ಈಜು, 420 ಕಿ.ಮೀ ಸೈಕಲ್, 84 ಕಿ.ಮೀ ಓಟ. ಹೆಂಗಸರ ಮೈಗೆ ಇದು ಆಗದು ಎನ್ನುವ ಮಾತು ಅಲ್ಲಿಗೇ ಮುಗಿದಿದೆ. ಮುಗಿಯದೆ ಇರುವುದು ನಮ್ಮ ಬೀದಿಯ ಮಾತು. ನಾನು ವಿಚಾರಿಸಿದ ಈಜುಕೊಳದಲ್ಲಿ ಮಹಿಳೆಯರ ಸಮಯ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೇ ಇದೆ. ಬೆಳಿಗ್ಗೆ ಐದಕ್ಕೆ ಗಂಡಸು ಓಡಿದರೆ ‘ಎಷ್ಟು ಶಿಸ್ತು’ ಎನ್ನುತ್ತಾರೆ. ಹೆಂಗಸು ಓಡಿದರೆ ‘ಯಾಕವ್ವಾ, ಮನ್ಯಾಗ ಯಾರಿಗರ ಆರಾಮಿಲ್ಲೇನು?’ ಎಂದು ಕೇಳುತ್ತಾರೆ. ಅಪ್ಪನ ಕೆರೆ ಸುತ್ತ ವಾಕಿಂಗ್ ಬರುವ ಹೆಂಗಸರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಯಾರಿಗೆ ವಾರಕ್ಕೆ 10 ಗಂಟೆ ಬಿಟ್ಟುಕೊಡುವ ಮನೆ ಇದೆ?

ಆದ್ದರಿಂದ ಈ ಕ್ರೀಡೆಗೆ ಇಳಿಯುವವರಿಗೆ ನನ್ನ ಸಲಹೆ ಇಷ್ಟೇ. ತರಬೇತಿಯ ವೇಳಾಪಟ್ಟಿಯಲ್ಲಿ ಈಜು, ಸೈಕಲ್, ಓಟದ ಪಕ್ಕ ಇನ್ನೊಂದು ಕಾಲಂ ಹಾಕಿ. ಈ ಹೊತ್ತಿನಲ್ಲಿ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು, ಅದನ್ನು ಯಾವ ದಿನ ತೀರಿಸುತ್ತೀರಿ ಎಂದು ಬರೆಯಿರಿ. ನಮ್ಮ ಮನೆಯಲ್ಲಿ ಇದರಿಂದ ವಾರದ ಅಭ್ಯಾಸ 10ರಿಂದ 9 ಗಂಟೆಗೆ ಇಳಿದಿದೆ. ಗೋವಾದಲ್ಲಿ ಹತ್ತು ನಿಮಿಷ ತಡವಾಗಬಹುದು, ಆಗಲಿ.

ವರದಿ ಬರೆಯುವ ಗೆಳೆಯರಿಗೂ ಒಂದು ಮಾತು. ಮುಂದಿನ ಸಲ ಯಾರಾದರೂ ಪದಕ ಹಿಡಿದು ‘ಕುಟುಂಬದ ಸಹಕಾರ’ ಎಂದರೆ ಪೆನ್ನು ಮುಚ್ಚಬೇಡಿ. ಯಾರ ಸಹಕಾರ, ವಾರಕ್ಕೆ ಎಷ್ಟು ಗಂಟೆ, ಆ ಗಂಟೆಗಳಲ್ಲಿ ಅವರು ಮಾಡಬೇಕೆಂದಿದ್ದ ಕೆಲಸ ಯಾವುದು ಎಂದು ಕೇಳಿ. ಸಾಧ್ಯವಾದರೆ ಆ ಪ್ರಶ್ನೆಯನ್ನು ಪದಕ ಹಿಡಿದವರಿಗಲ್ಲ, ಅವರ ಮನೆಯವರಿಗೆ ಕೇಳಿ.