ಆಯುಧ ಕೆಳಗಿಟ್ಟವನು ಸೋತವನಲ್ಲ

ಕೈಯಲ್ಲಿನ ಕತ್ತಿಗಿಂತ ಮನದೊಳಗಿನ ಸಂಶಯವೇ ಹರಿತವಾದುದು. ಉತ್ತರ ಐರ್ಲೆಂಡಿನಲ್ಲಿ ಮೂರು ದಶಕಗಳ ರಕ್ತಪಾತದ ತರುವಾಯ 1998ರಲ್ಲಿ ಶಾಂತಿ ಒಪ್ಪಂದವಾಯಿತು. ಆದರೆ ಐರಿಷ್ ರಿಪಬ್ಲಿಕನ್ ಸೇನೆಯು ಆಯುಧ ತ್ಯಜಿಸಲು ಹಿಂಜರಿಯಿತು. ಮೊದಲು ಯಾರು ಬಾಗಬೇಕೆಂಬ ಹಟದಲ್ಲಿ 2000ದ ಫೆಬ್ರುವರಿಯಲ್ಲಿ ಅಲ್ಲಿನ ಸರ್ಕಾರವೇ ಅಮಾನತುಗೊಂಡಿತು.

ಕಡೆಗೆ 2005ರ ಸೆಪ್ಟೆಂಬರಿನಲ್ಲಿ ಆ ಸೇನೆಯ ಆಯುಧಗಳು ನಿರುಪಯುಕ್ತವಾದವೆಂದು ಅಂತರರಾಷ್ಟ್ರೀಯ ಆಯೋಗವು ಸಾರಿತು. ಅದನ್ನು ಕಣ್ಣಾರೆ ಕಂಡು ಸಾಕ್ಷಿ ನುಡಿದವರು ಕ್ಯಾಥೊಲಿಕ್ ಪಾದ್ರಿ ಅಲೆಕ್ ರೀಡ್ ಹಾಗೂ ಪ್ರಾಟೆಸ್ಟಂಟ್ ಪಾದ್ರಿ ಹೆರಾಲ್ಡ್ ಗುಡ್. ಛಾಯಾಚಿತ್ರವೇ ಬೇಕೆಂದಿದ್ದ ಇಯಾನ್ ಪೈಸ್ಲಿಯವರು 2007ರಲ್ಲಿ ಹಳೆಯ ವೈರಿಗಳೊಡನೆ ಅಧಿಕಾರ ಹಂಚಿಕೊಂಡರು.

ಕಾಳು ತುಂಬಿದ ತೆನೆಯೇ ಬಾಗುವುದು. ಆಯುಧ ಕೆಳಗಿಡಲು ಧೈರ್ಯ ಬೇಕು; ಕೆಳಗಿಟ್ಟವನನ್ನು ನಂಬಲು ಇನ್ನೂ ಹೆಚ್ಚಿನ ಧೈರ್ಯ ಬೇಕು. ಮುರಿದ ಮನಗಳ ನಡುವೆ ಸತ್ಯಕ್ಕೆ ಸಾಕ್ಷಿಯಾಗಿ ನಿಲ್ಲುವುದೇ ಧರ್ಮಗುರುಗಳ ನಿಜವಾದ ಕಾಯಕವೆಂದು ನಾವು ಭಾವಿಸುತ್ತೇವೆ.