ಹೃದಯ ಚಿಕಿತ್ಸೆಗೆ ಮುನ್ನ ಧೈರ್ಯದ ಸಿದ್ಧತೆ

ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಗಳ ಕನ್ನಡ ಮನೆಗಳಲ್ಲಿ, ಮಕ್ಕಳೊಡನೆ ಇರಲೆಂದು ಊರಿನಿಂದ ಬಂದ ಹಿರಿಯರು ಅನೇಕರು. ಅವರಲ್ಲಿ ಎಷ್ಟೋ ಮಂದಿಗೆ ಮರಾಠಿ, ಹಿಂದಿ ಅಷ್ಟಾಗಿ ಬಾರದು. ವೈದ್ಯರು ‘ಆಂಜಿಯೋಗ್ರಫಿ ಆಗಬೇಕು’ ಎಂದೊಡನೆ ಮನೆಯಲ್ಲಿ ಪಿಸುಮಾತು ಆರಂಭವಾಗುತ್ತದೆ. ಹೆದರಿಯಾರೆಂದು ಮಕ್ಕಳು ವಿಷಯವನ್ನು ಮರೆಮಾಚುತ್ತಾರೆ. ಮರೆಮಾಚುವುದನ್ನು ಕಂಡೇ ಹಿರಿಯರು ಇನ್ನಷ್ಟು ಹೆದರುತ್ತಾರೆ. ಪ್ರೀತಿಯಿಂದ ಹುಟ್ಟಿದ ಮೌನವಾದರೂ ಇದರಿಂದ ಅಪಕಾರವೇ ಹೆಚ್ಚು.

ಹೇಳಿದರೆ ಭಯ ಹೆಚ್ಚುವುದೆಂಬ ನಂಬಿಕೆ ಸರಿಯಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡಾ. ಎಗ್ಬರ್ಟ್ ಮತ್ತು ಸಂಗಡಿಗರು 1964ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಟ್ಟೆಯ ಶಸ್ತ್ರಕ್ರಿಯೆಗೆ ಬಂದ 97 ರೋಗಿಗಳಲ್ಲಿ ಒಂದು ಗುಂಪಿಗೆ, ಮುಂದೆ ಬರುವ ನೋವನ್ನೂ ಅದನ್ನು ತಾಳಿಕೊಳ್ಳುವ ಬಗೆಯನ್ನೂ ಮೊದಲೇ ತಿಳಿಸಲಾಗಿತ್ತು. ಅವರಿಗೆ ನೋವಿನ ಮದ್ದು ಸುಮಾರು ಅರ್ಧದಷ್ಟೇ ಸಾಕಾಯಿತು. ಮನೆಗೂ ಬೇಗ ಮರಳಿದರು.

ಹೃದಯದ ಪರೀಕ್ಷೆಯಲ್ಲಂತೂ ಈ ತಿಳಿವಳಿಕೆ ಮತ್ತಷ್ಟು ಅಗತ್ಯ. ಏಕೆಂದರೆ ರೋಗಿ ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾನೆ. 1929ರಲ್ಲಿ ಜರ್ಮನಿಯ ವೈದ್ಯ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದ ಮೂಲಕ ಹೃದಯದವರೆಗೆ ತಾನೇ ನಳಿಕೆ ತೂರಿಸಿಕೊಂಡದ್ದೂ ಎಚ್ಚರದಲ್ಲಿಯೇ. ಇಂದು ಮಣಿಕಟ್ಟು ಅಥವಾ ತೊಡೆಯ ಸಂದಿಗೆ ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ತೆಳುವಾದ ನಳಿಕೆಯನ್ನು ಒಳಗೆ ಕಳಿಸುತ್ತಾರೆ. ಬಣ್ಣದ ದ್ರವ ಹರಿದಾಗ ಮೈಯಲ್ಲಿ ಕ್ಷಣಕಾಲ ಬಿಸಿಯೇರಿದಂತಾಗುವುದುಂಟು. ಇದನ್ನು ಮೊದಲೇ ಅರಿತವರು ಆಗ ಗಾಬರಿಪಡುವುದಿಲ್ಲ.

‘ಏನೂ ಆಗುವುದಿಲ್ಲ’ ಎಂಬ ಸುಳ್ಳು ಸಮಾಧಾನವೂ ಬೇಡ. ಅಪಾಯ ಅಲ್ಪವಾದರೂ ಇದ್ದೇ ಇದೆ. ಅದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಸಕ್ಕರೆ ಕಾಯಿಲೆಯ ಗುಳಿಗೆ, ರಕ್ತ ತೆಳುವಾಗಿಸುವ ಮದ್ದು, ಮೂತ್ರಪಿಂಡದ ತೊಂದರೆ, ಔಷಧಿಗಳ ಒಗ್ಗದಿಕೆ ಇವನ್ನು ಚೀಟಿಯಲ್ಲಿ ಬರೆದೊಯ್ಯಬೇಕು. ಯಾವ ಗುಳಿಗೆ ನಿಲ್ಲಿಸಬೇಕು, ಎಷ್ಟು ಹೊತ್ತು ಉಪವಾಸವಿರಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ವಿವರಿಸಿದ ಮೇಲೆಯೇ ಹಿರಿಯರ ಸಹಿ ಪಡೆಯುವುದು ನ್ಯಾಯ.

ಉಲ್ಹಾಸನಗರದಿಂದ ಪರೇಲಿನ ಕೆ.ಇ.ಎಂ. ಆಸ್ಪತ್ರೆಗೆ ಲೋಕಲ್ ಗಾಡಿಯಲ್ಲಿ ಒಂದು ತಾಸಿಗೂ ಮಿಕ್ಕ ದಾರಿ. ಮರಾಠಿಯನ್ನೂ ಕನ್ನಡವನ್ನೂ ಬಲ್ಲವರೊಬ್ಬರು ಜೊತೆಗೆ ಹೋದರೆ ಆ ದಾರಿ ಹಗುರಾದೀತು. ಈ ಚಿಕಿತ್ಸೆ ಪಡೆದು ಗುಣವಾದ ಕನ್ನಡಿಗರು ಮನೆಗೆ ಬಂದು ನಾಲ್ಕು ಮಾತಾಡಿದರೆ ಧೈರ್ಯ ಇಮ್ಮಡಿಯಾದೀತು. ಕನ್ನಡ ಸಂಘಗಳು ಅಂಥವರ ಪಟ್ಟಿಯೊಂದನ್ನು ಸಿದ್ಧಪಡಿಸಲಿ. ನಾಡಹಬ್ಬದಷ್ಟೇ ಇದೂ ಕನ್ನಡದ ಸೇವೆ.