ಬಣ್ಣ ಹೋಯಿತು, ವಿಷ ಹೋಯಿತೇ?

ಗದಗ ತಾಲೂಕಿನ ಅಸುಂಡಿಯಂಥ ಊರುಗಳ ಜನರಿಗೆ ಬೆಟಗೇರಿಯ ಮಗ್ಗಗಳ ವಿಷಯ ಹೊಸದಲ್ಲ. ಸೀರೆ ನೇಯುವ ಮೊದಲು ನೂಲಿಗೆ ಬಣ್ಣ ಹಾಕಬೇಕು. ಹಿಂದೆ ನೀಲಿ ಗಿಡ, ಮಂಜಿಷ್ಠದ ಬೇರುಗಳು ಬಣ್ಣ ಕೊಡುತ್ತಿದ್ದವು. 1856ರಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವನ್ನು ಪಡೆದ. ಅಲ್ಲಿಂದ ಕೃತಕ ಬಣ್ಣಗಳ ಯುಗ ಆರಂಭವಾಯಿತು.

ಹಾಕಿದ ಬಣ್ಣವನ್ನೆಲ್ಲ ನೂಲು ಹೀರಿಕೊಳ್ಳುವುದಿಲ್ಲ. ಉಳಿದದ್ದು ತೊಳೆದ ನೀರಿನೊಂದಿಗೆ ಹೊರಹೋಗುತ್ತದೆ. ಶುದ್ಧೀಕರಿಸದ ಈ ನೀರು ಕೆರೆ ಸೇರಿದರೆ ಬಿಸಿಲು ಒಳಗಿಳಿಯದು, ಪಾಚಿಯ ದ್ಯುತಿಸಂಶ್ಲೇಷಣೆ ಕುಗ್ಗುತ್ತದೆ. ಇದು ಕಣ್ಣಿಗೆ ಕಾಣುವ ಅಪಾಯ. ಕಾಣದ ಅಪಾಯ ಬೇರೆಯೇ ಇದೆ.

ಕೃತಕ ಬಣ್ಣಗಳಲ್ಲಿ ದೊಡ್ಡ ಗುಂಪು ಅಜೋ ಬಣ್ಣಗಳದು. ಇವುಗಳಲ್ಲಿ ಎರಡು ಸಾರಜನಕ ಪರಮಾಣುಗಳ ನಡುವೆ ದ್ವಿಬಂಧವಿರುತ್ತದೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಈ ಬಂಧವನ್ನು ಮುರಿಯುತ್ತವೆ. ಬಣ್ಣ ಮಾಯ! ಆದರೆ ಮುರಿದ ತುಂಡುಗಳು ಆರೋಮ್ಯಾಟಿಕ್ ಅಮೈನುಗಳು. ಅವುಗಳಲ್ಲಿ ಬೆಂಜಿಡೀನ್‌ನಂಥವು ಕ್ಯಾನ್ಸರ್‌ಕಾರಕ. ಅದಕ್ಕಾಗಿಯೇ ಭಾರತ ಸರಕಾರ 1990ರ ದಶಕದಲ್ಲಿ ಇಂಥ 112 ಬಣ್ಣಗಳನ್ನು ನಿಷೇಧಿಸಿತು.

ಹಾಗಾದರೆ ತಿಳಿಯಾಗಿ ಕಾಣುವ ನೀರು ವಿಷವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಹಳೆಯ ಪದ್ಧತಿಯಲ್ಲಿ ಜೀವಂತ ಮೀನುಗಳನ್ನು 96 ಗಂಟೆ ಆ ನೀರಿನಲ್ಲಿಟ್ಟು, ಎಷ್ಟು ಪ್ರಮಾಣಕ್ಕೆ ಅರ್ಧದಷ್ಟು ಮೀನು ಸಾಯುತ್ತವೆ ಎಂದು ಲೆಕ್ಕ ಹಾಕುತ್ತಿದ್ದರು. ಈಗ ಮೀನಿನ ಬದಲು ಅದರ ಜೀವಕೋಶಗಳು ಸಾಕು. ರೇನ್‌ಬೋ ಟ್ರೌಟ್ ಮೀನಿನ ಕಿವಿರಿನಿಂದ ಕೆನಡಾದ ವಿಜ್ಞಾನಿಗಳು ಬೆಳೆಸಿದ ಕೋಶಗಳನ್ನು ಇದಕ್ಕೆ ಬಳಸುತ್ತಾರೆ. ಕಿವಿರೇ ಏಕೆ? ನೀರಿಗೂ ಮೀನಿನ ರಕ್ತಕ್ಕೂ ನಡುವೆ ಅಲ್ಲಿರುವುದು ಬಲು ತೆಳುವಾದ ಪೊರೆ. ವಿಷದ ಮೊದಲ ಪೆಟ್ಟು ಅದಕ್ಕೇ.

ಪರೀಕ್ಷೆಯ ಅವಧಿ 24 ಗಂಟೆ. ನಂತರ ಮೂರು ಪ್ರಶ್ನೆ: ಕೋಶದ ಚಯಾಪಚಯ ನಡೆದಿದೆಯೇ? ಹೊರಪೊರೆ ಗಟ್ಟಿಯಾಗಿದೆಯೇ? ಒಳಗಿನ ಲೈಸೋಸೋಮುಗಳು ಸರಿಯಾಗಿವೆಯೇ? ಉತ್ತರ ಹೇಳುವುದು ಹೊಳೆಯುವ ಸೂಚಕ ವಸ್ತುಗಳು. ಅವುಗಳಲ್ಲೊಂದಾದ ನ್ಯೂಟ್ರಲ್ ರೆಡ್ ಕೂಡ ಕೃತಕ ಬಣ್ಣವೇ! 2021ರಲ್ಲಿ ಈ ವಿಧಾನಕ್ಕೆ ಒಇಸಿಡಿ ಸಂಸ್ಥೆಯ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಲಖನೌದ ರಾಷ್ಟ್ರೀಯ ಮತ್ಸ್ಯ ತಳಿ ಸಂಪನ್ಮೂಲ ಸಂಸ್ಥೆಯಲ್ಲಿ ನಮ್ಮ ಮೀನುಗಳ ಕೋಶಗಳ ಭಂಡಾರವೂ ಇದೆ.

ಆದರೆ ಕಿವಿರಿನ ಕೋಶಕ್ಕೆ ಯಕೃತ್ತಿಲ್ಲ, ನರಮಂಡಲವಿಲ್ಲ. ವರ್ಷಗಳ ನಂತರ ಬರುವ ರೋಗವನ್ನು ಒಂದು ದಿನದ ಪರೀಕ್ಷೆ ಹೇಳಲಾರದು. ಆದ್ದರಿಂದ ರಾಸಾಯನಿಕ ವಿಶ್ಲೇಷಣೆಯೂ ಬೇಕು.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ಲೋಟ ನೀರಿಗೆ ಒಂದು ಹನಿ ಶಾಯಿ ಬೆರೆಸಿ, ಇದ್ದಿಲ ಪುಡಿ ಹಾಕಿ ಕಲಕಿ, ಕೆಲವು ಗಂಟೆ ಬಿಟ್ಟು ಸೋಸಿರಿ. ನೀರಿನ ಬಣ್ಣ ತೆಳುವಾಗುತ್ತದೆ. ಶಾಯಿ ಎಲ್ಲಿ ಹೋಯಿತು? ಇದ್ದಿಲಿಗೆ ಅಂಟಿಕೊಂಡಿತು. ಬಣ್ಣದ ಮನೆಗಳ ನೀರನ್ನೂ ಹೀಗೆ ಸೋಸಬಹುದು. ಆದರೆ ಆ ಇದ್ದಿಲನ್ನು ಮತ್ತೆ ಕೆರೆಯ ದಂಡೆಗೇ ಸುರಿದರೆ? ಉತ್ತರವನ್ನು ಅಪ್ಪ ಅಮ್ಮನ ಜೊತೆ ಕುಳಿತು ಯೋಚಿಸಿರಿ.